ಹೊಸ ಮೀಟಿಂಗ್ ಆ್ಯಪ್: ಫೀಲ್ಡ್‌ನವರು ಒಳಗೆ ಬರೋಕಾಗ್ತಿಲ್ಲ, ಎಕೋ, ಸಂಜೆ ಹೊತ್ತು ದನಿ ಒಡೆಯುತ್ತೆ (ಕೋಲಾರ)

ಟಮಕ ಆಫೀಸ್:

ಎಲ್ಲರಿಗೂ ನಮಸ್ಕಾರ. ನಮ್ಮದು ಡ್ರಿಪ್ ಸಾಮಾನು ಮಾರಿ, ತೋಟಕ್ಕೆ ಹೋಗಿ ಹಾಕಿಕೊಡುವ ಕೆಲಸ. ಮುಖ್ಯ ಆಫೀಸು ಕೋಲಾರದ ಟಮಕದಲ್ಲಿ. ಶ್ರೀನಿವಾಸಪುರ, ಮುಳಬಾಗಿಲು, ಮಾಲೂರಿನಲ್ಲಿ ಬ್ರಾಂಚ್‌ಗಳಿವೆ. ಹುಡುಗರು ಹಗಲೆಲ್ಲ ತೋಟಗಳಲ್ಲಿ ಇರುತ್ತಾರೆ. ಸಂಜೆ 6ಕ್ಕೆ ಎಲ್ಲರೂ ಆನ್‌ಲೈನ್ ಸೇರಿ ಯಾವ ತೋಟದ ಕೆಲಸ ಎಲ್ಲಿಗೆ ಬಂತು, ನಾಳೆ ಯಾರಿಗೆ ಪೈಪ್ ಕಳಿಸಬೇಕು ಅಂತ ಮಾತಾಡುತ್ತೇವೆ.

ಇಷ್ಟು ದಿನ ಜೂಮ್‌ನ ಉಚಿತ ಖಾತೆ ಬಳಸುತ್ತಿದ್ದೆವು. ಅದರಲ್ಲಿ ಮೀಟಿಂಗ್‌ಗೆ 40 ನಿಮಿಷದ ಮಿತಿ. ನಮ್ಮ ಮಾತು ಅಷ್ಟರಲ್ಲಿ ಮುಗಿಯಲ್ಲ. ಕಂಪನಿ ಮೇಲ್‌ಗೆ ಹೇಗೂ ಗೂಗಲ್ ವರ್ಕ್‌ಸ್ಪೇಸ್ ತಗೊಂಡಿದ್ದೇವಲ್ಲ ಅಂತ ಈ ತಿಂಗಳಿಂದ ಎಲ್ಲರನ್ನೂ ಗೂಗಲ್ ಮೀಟ್‌ಗೆ ತಂದೆವು. ಈಗ ಮೂರು ತೊಂದರೆ ಒಟ್ಟಿಗೆ ಬಂದಿವೆ.

ಫೀಲ್ಡ್‌ನ ಅರ್ಧ ಜನಕ್ಕೆ ಲಿಂಕ್ ಒತ್ತಿದರೆ ಅನುಮತಿ ಕೇಳುವ ಪರದೆ ಬರುತ್ತೆ. "ಸಾರ್, ಯಾರೋ ಒಳಗೆ ಬಿಡ್ಬೇಕಂತೆ" ಅಂತ ಫೋನ್ ಮಾಡುತ್ತಾರೆ. ಒಬ್ಬೊಬ್ಬರನ್ನೇ ಒಳಗೆ ಬಿಡುವಷ್ಟರಲ್ಲಿ ಮಾತು ತಪ್ಪಿಹೋಗುತ್ತೆ. ಇನ್ನು ಟಮಕದ ಮೀಟಿಂಗ್ ರೂಮಲ್ಲಿ ಯಾರು ಮಾತಾಡಿದರೂ ಬ್ರಾಂಚ್‌ನವರಿಗೆ ಎಕೋ, ಕೆಲವೊಮ್ಮೆ ಕಿವಿ ಕಿತ್ತುಹೋಗುವ ಹಾಗೆ ಕೀ ಅಂತ ಸದ್ದು. ಶ್ರೀನಿವಾಸಪುರದವರ ದನಿ ಮಾತ್ರ ದಿನಾ ತುಂಡು ತುಂಡಾಗಿ ಕೇಳುತ್ತೆ. ಬೆಳಗ್ಗೆ ಪರೀಕ್ಷೆ ಮಾಡಿದರೆ ಅದೇ ನೆಟ್ ಚೆನ್ನಾಗಿದೆ.

ಹಳೇದಕ್ಕೇ ವಾಪಸ್ ಹೋಗೋಣ ಅಂತ ಆಫೀಸಲ್ಲಿ ಒತ್ತಾಯ ಶುರುವಾಗಿದೆ. ದಯವಿಟ್ಟು ಯಾರಾದರೂ ದಾರಿ ಹೇಳಿ.

ವಸಂತನರಸಾಪುರ ಐಟಿ:

ಸರ್, ವಾಪಸ್ ಹೋಗಬೇಡಿ. ತುಮಕೂರಿನಲ್ಲಿ ನಮ್ಮ ಫ್ಯಾಕ್ಟರಿಯಲ್ಲಿ ಇದನ್ನೆಲ್ಲ ನೋಡಿದ್ದೇನೆ. ನೀವು ಹೇಳಿದ ಮೂರರಲ್ಲಿ ಒಂದೂ ಆ್ಯಪ್‌ನ ದೋಷದ ಹಾಗೆ ಕಾಣುತ್ತಿಲ್ಲ.

ಮೊದಲು ಒಳಗೆ ಬರೋ ವಿಷಯ. ಒಬ್ಬ ಫೀಲ್ಡ್ ಹುಡುಗನ ಫೋನ್ ಕೈಗೆ ತಗೊಂಡು ಮೀಟ್ ತೆರೆಯಿರಿ. ಮೇಲೆ ಬಲಗಡೆ ಗುಂಡಗೆ ಒಂದು ಫೋಟೋ ಅಥವಾ ಅಕ್ಷರ ಇರುತ್ತಲ್ಲ, ಅದನ್ನು ಒತ್ತಿ. ಅಲ್ಲಿ ಅವನ ಸ್ವಂತ ಜಿಮೇಲ್ ಕಂಡರೆ ಕಾರಣ ಸಿಕ್ಕಿತು. ಫೋನ್ ಕೊಂಡ ದಿನ ಹಾಕಿದ ಜಿಮೇಲ್ ಮೇಲಿರುತ್ತೆ, ಕಂಪನಿ ಖಾತೆ ಅದರ ಕೆಳಗೆ ಸುಮ್ನೆ ಕೂತಿರುತ್ತೆ. ಲಿಂಕ್ ಸ್ವಂತ ಖಾತೆಯಲ್ಲಿ ತೆರೆದರೆ ಮೀಟ್‌ಗೆ ಅವನು ಹೊರಗಿನವನೇ, ಹಾಗಾಗಿ ಬಾಗಿಲು ತಟ್ಟಿಸುತ್ತೆ. ಅದೇ ಜಾಗದಲ್ಲಿ ಕಂಪನಿ ಖಾತೆ ಆರಿಸಿ ಮತ್ತೆ ಲಿಂಕ್ ಒತ್ತಲಿ, ಸೀದಾ ಒಳಗೆ ಬರುತ್ತಾನೆ.

ಲಿಂಕನ್ನು ವಾಟ್ಸಾಪ್ ಗ್ರೂಪಿಗೆ ಹಾಕುತ್ತಿದ್ದೀರಾ? ಅದರ ಬದಲು ಗೂಗಲ್ ಕ್ಯಾಲೆಂಡರ್‌ನಲ್ಲಿ ದಿನಾ 6ಕ್ಕೆ ಅಂತ ಒಂದೇ ಸಲ ಮೀಟಿಂಗ್ ಇಟ್ಟು, ಎಲ್ಲರ ಕಂಪನಿ ಮೇಲ್ ಸೇರಿಸಿ. ಲಿಂಕ್ ದಿನಾ ಅದೇ ಇರುತ್ತೆ, ಕ್ಯಾಲೆಂಡರಿಂದ ಒತ್ತಿದರೆ ಖಾತೆಯ ಗೊಂದಲವೂ ಕಮ್ಮಿ. ಹೋಸ್ಟ್ ಕಂಟ್ರೋಲ್‌ನಲ್ಲಿ ಮೀಟಿಂಗ್ ಆ್ಯಕ್ಸೆಸ್ ಅನ್ನು 'ಓಪನ್' ಮಾಡಿದರೆ ಯಾರೂ ಕೇಳದೆ ಬರಬಹುದು ನಿಜ. ಆದರೆ ರೈತರ ಹೆಸರು, ಬಾಕಿ ಹಣ ಎಲ್ಲ ಮಾತಾಡುವ ಮೀಟಿಂಗ್‌ಗೆ ಅದು ಬೇಡ ಅನ್ನೋದು ನನ್ನ ಅಭಿಪ್ರಾಯ. ಲಿಂಕ್ ಸಿಕ್ಕಿದ ಯಾರು ಬೇಕಾದರೂ ಬಂದು ಕೂರಬಹುದು. 'ಟ್ರಸ್ಟೆಡ್' ಅಂತಲೇ ಇರಲಿ, ಅದರಲ್ಲಿ ಕಂಪನಿ ಖಾತೆಯವರು, ನೀವು ಕರೆದವರು ಸೀದಾ ಬರುತ್ತಾರೆ, ಉಳಿದವರು ಕೇಳಿ ಬರಬೇಕು.

ಎಕೋ ಬಗ್ಗೆ ಒಂದು ಪ್ರಶ್ನೆ. ಮೀಟಿಂಗ್ ರೂಮಲ್ಲಿ ಎಷ್ಟು ಜನ ತಮ್ಮ ತಮ್ಮ ಲ್ಯಾಪ್‌ಟಾಪ್, ಫೋನಿಂದ ಸೇರುತ್ತಾರೆ?

ಟಮಕ ಆಫೀಸ್:

ಪ್ರೊಜೆಕ್ಟರ್‌ಗೆ ಒಂದು ಲ್ಯಾಪ್‌ಟಾಪ್. ಅದಲ್ಲದೆ ಅಕೌಂಟ್ಸ್ ಮೇಡಂ ತಮ್ಮ ಲ್ಯಾಪ್‌ಟಾಪಿಂದ, ಸ್ಟೋರ್ಸ್‌ನವರು ಫೋನಿಂದ. ಸ್ಟಾಕ್ ಶೀಟ್ ತೋರಿಸಬೇಕಲ್ಲ ಸರ್, ಅದಕ್ಕೇ.

ವಸಂತನರಸಾಪುರ ಐಟಿ:

ಹಾಗಾದರೆ ಅದೇ ಕಾರಣ. ಒಂದರ ಸ್ಪೀಕರ್‌ನಿಂದ ಬಂದ ದನಿ ಪಕ್ಕದ್ದರ ಮೈಕಿಗೆ ಹೋಗಿ, ಅಲ್ಲಿಂದ ಮತ್ತೆ ಸ್ಪೀಕರ್‌ಗೆ ಬಂದು ಸುತ್ತುತ್ತಿದೆ. ಮೈಕ್ ಮಾತ್ರ ಮ್ಯೂಟ್ ಮಾಡಿದರೆ ಸಾಲದು, ಸ್ಪೀಕರ್ ಕೂಡ ಮುಚ್ಚಿರಬೇಕು. ಸೇರುವಾಗ 'ಕಂಪ್ಯಾನಿಯನ್ ಮೋಡ್' ಅಂತ ಇದೆ. ಅದರಲ್ಲಿ ಬಂದವರ ಮೈಕೂ ಸ್ಪೀಕರೂ ಎರಡೂ ಬಂದ್ ಇರುತ್ತವೆ, ಆದರೆ ಶೀಟ್ ತೋರಿಸಬಹುದು, ಚಾಟ್ ಮಾಡಬಹುದು, ಕೈ ಎತ್ತಬಹುದು. ಮೇಡಂ ಮತ್ತು ಸ್ಟೋರ್ಸ್‌ನವರು ಅದರಲ್ಲೇ ಬರಲಿ. ದನಿಗೆ ರೂಮಿನ ಒಂದೇ ಲ್ಯಾಪ್‌ಟಾಪ್.

ಬ್ರಾಂಚಿಂದ ಎಕೋ ಬಂದರೆ ಹೀಗೆ ಪತ್ತೆ ಮಾಡಿ. ನೀವು ಮಾತಾಡುವಾಗ ಸುಮ್ಮನಿರುವವರ ಚೌಕಗಳನ್ನು ನೋಡಿ. ಯಾರ ಚೌಕದಲ್ಲಿ ದನಿಯ ಗುರುತು ಕುಣಿಯುತ್ತೋ, ನಿಮ್ಮ ಮಾತು ಅವರ ಮೈಕಿಗೆ ಹೋಗುತ್ತಿದೆ ಅಂತ ಅರ್ಥ. ಅವರಿಗೆ ಇಯರ್‌ಫೋನ್ ಹಾಕಿಕೊಳ್ಳೋಕೆ ಹೇಳಿ. ಎಕೋ ಮಾಡುವವರಿಗೆ ಎಕೋ ಕೇಳಲ್ಲ, ಅದಕ್ಕೇ "ನಮ್ಮ ಕಡೆ ಚೆನ್ನಾಗಿದೆ" ಅನ್ನುತ್ತಾರೆ. ಪಾಪ, ಅವರು ಹೇಳೋದು ನಿಜವೇ.

ಚಿಂತಾಮಣಿ ನೆಟ್‌ವರ್ಕ್:

ನಡುವೆ ಬಾಯಿ ಹಾಕುತ್ತಿದ್ದೇನೆ. ಶ್ರೀನಿವಾಸಪುರದ ವಿಷಯ ನನಗೆ ಪರಿಚಯದ ಹಾಗಿದೆ. ಫೀಲ್ಡ್ ಹುಡುಗರು ತೋಟದ ಫೋಟೋ ತೆಗೆಯುತ್ತಾರಾ?

ಟಮಕ ಆಫೀಸ್:

ಹೌದು ಅಣ್ಣ. ಪ್ರತಿ ತೋಟದ ಪೈಪ್, ಫಿಲ್ಟರ್, ವಾಲ್ವ್ ಎಲ್ಲದರದ್ದೂ ಫೋಟೋ, ವಿಡಿಯೋ ಬೇಕೇ ಬೇಕು.

ಚಿಂತಾಮಣಿ ನೆಟ್‌ವರ್ಕ್:

ಅಲ್ಲೇ ಇದೆ ನೋಡಿ. ಸಂಜೆ ಎಲ್ಲರೂ ಬ್ರಾಂಚಿಗೆ ಬರುತ್ತಾರೆ, ಫೋನ್‌ಗಳು ವೈಫೈ ಹಿಡಿಯುತ್ತವೆ, ಹಗಲೆಲ್ಲ ತೆಗೆದ ಫೋಟೋ ವಿಡಿಯೋ ತಾನೇ ತಾನಾಗಿ ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗೋಕೆ ಶುರು. ನಿಮ್ಮ ಮೀಟಿಂಗ್ ಕೂಡ ಅದೇ ಹೊತ್ತಿಗೆ. ಸ್ಪೀಡ್ ಟೆಸ್ಟ್‌ನಲ್ಲಿ ಎಲ್ಲರೂ ಡೌನ್‌ಲೋಡ್ ನೋಡುತ್ತಾರೆ. ಆದರೆ ನಿಮ್ಮ ದನಿ ಹೊರಗೆ ಹೋಗೋದು ಅಪ್‌ಲೋಡ್‌ನಲ್ಲಿ. ಅಲ್ಲಿ ಫೋಟೋಗಳು ದಾರಿ ಕಟ್ಟಿದರೆ ದನಿ ಒಡೆಯುತ್ತೆ.

ಖಾತ್ರಿ ಮಾಡಿಕೊಳ್ಳೋಕೆ, ದನಿ ಒಡೆಯುವಾಗಲೇ ಬ್ರಾಂಚ್‌ನ ಕಂಪ್ಯೂಟರಿನಲ್ಲಿ ಮೀಟ್‌ನ ಮೂರು ಚುಕ್ಕಿ ಒತ್ತಿ 'ಟ್ರಬಲ್‌ಶೂಟಿಂಗ್' ತೆರೆಯಿರಿ. ನೆಟ್‌ವರ್ಕ್‌ದು, ಕಂಪ್ಯೂಟರ್ ಮೇಲಿನ ಹೊರೆಯದು ಅಂತ ಗೀಟುಗಳು ಕಾಣುತ್ತವೆ. ನೆಟ್‌ವರ್ಕ್‌ದು ಮಾತ್ರ ಹದಗೆಟ್ಟಿದ್ದರೆ ನಾನು ಹೇಳಿದ್ದೇ ಕಾರಣ ಇರಬೇಕು. ಹೊರೆ ಜಾಸ್ತಿ ಇದ್ದರೆ ಕ್ರೋಮ್‌ನಲ್ಲಿ ತೆರೆದಿಟ್ಟ ಟ್ಯಾಬ್‌ಗಳನ್ನು ಮುಚ್ಚಿ.

ಫೋಟೋಸ್ ಆ್ಯಪ್‌ನಲ್ಲಿ ಬ್ಯಾಕಪ್ ನಿಲ್ಲಿಸಿ ಮೀಟಿಂಗ್ ಆದಮೇಲೆ ಮತ್ತೆ ಹಾಕಬಹುದು. ಆದರೆ ದಿನವಿಡೀ ಬಿಸಿಲಲ್ಲಿ ದುಡಿದು ಬಂದವರಿಗೆ ಅದೊಂದು ಕೆಲಸ ಯಾಕೆ? ಮೀಟಿಂಗ್ ಮುಗಿಯೋವರೆಗೆ ಅವರ ಫೋನ್‌ಗಳು ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ ಇರಲಿ, ಬ್ಯಾಕಪ್‌ಗೆ ವೈಫೈ ಮಾತ್ರ ಅಂತ ಇಡಿ. ಬ್ರಾಂಚ್ ಕಂಪ್ಯೂಟರಿಗೆ ರೌಟರಿಂದ ಕೇಬಲ್ ಎಳೆಯಿರಿ.

ಟಮಕ ಆಫೀಸ್:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಮುಳಬಾಗಿಲಿಗೆ ನಾನೇ ಹೋಗಿ ಹುಡುಗರ ಫೋನ್ ನೋಡಿದೆ. ಬಾಗಿಲು ತಟ್ಟುತ್ತಿದ್ದವರೆಲ್ಲರದ್ದೂ ಸ್ವಂತ ಜಿಮೇಲೇ. ಬದಲಾಯಿಸಿದ ಮೇಲೆ ಸೀದಾ ಬಂದರು. ಟಮಕದಲ್ಲಿ ಕಂಪ್ಯಾನಿಯನ್ ಮೋಡ್ ಹಾಕಿದ ಕೂಡಲೇ ಕೀ ಸದ್ದು ನಿಂತಿತು. ಶ್ರೀನಿವಾಸಪುರದಲ್ಲಿ ವೈಫೈ ಬಿಡಿಸಿದ ಮೇಲೆ ದನಿ ಸರಿಹೋಗಿದೆ, ಕೇಬಲ್ ಕೆಲಸ ಇನ್ನೂ ಬಾಕಿ. ಮಾಲೂರಿಗೆ ಈ ವಾರ ಹೋಗುತ್ತೇನೆ.

ಕೊನೇದಾಗಿ ಒಂದು. ರೆಕಾರ್ಡ್ ಮಾಡೋ ಗುಂಡಿ ನಮಗೆ ಕಾಣುತ್ತಲೇ ಇಲ್ಲ. ನಮ್ಮ ವರ್ಕ್‌ಸ್ಪೇಸ್ ಪ್ಲಾನ್ ಬಿಸಿನೆಸ್ ಸ್ಟಾರ್ಟರ್.

ವಸಂತನರಸಾಪುರ ಐಟಿ:

ಸ್ಟಾರ್ಟರ್‌ನಲ್ಲಿ ರೆಕಾರ್ಡಿಂಗ್ ಇಲ್ಲ ಸರ್. ಅದಕ್ಕೆ ಬಿಸಿನೆಸ್ ಸ್ಟ್ಯಾಂಡರ್ಡ್ ಬೇಕು. ದಿನದ ಲೆಕ್ಕಕ್ಕೆ ಅಷ್ಟು ದುಡ್ಡು ಹಾಕಬೇಡಿ. ಮೀಟಿಂಗ್ ನಡೆಯುವಾಗಲೇ ಮೇಡಂ ಒಂದು ಶೀಟಿನಲ್ಲಿ ತೋಟ, ಬಾಕಿ ಕೆಲಸ, ಯಾರ ಜವಾಬ್ದಾರಿ ಅಂತ ತುಂಬಿಸಲಿ. ಬಾರದವರು ಒಂದು ಗಂಟೆಯ ವಿಡಿಯೋ ನೋಡೋಕಿಂತ ಅದನ್ನು ಬೇಗ ಓದುತ್ತಾರೆ.