ರಿಜಿಸ್ಟರ್‌ನಲ್ಲಿ ಬರೀ ‘ಬೆನಿನ್’ ಅಂತಿದೆ, ಎಲ್ಲಿಂದ ಬಂತು ಅಂತ ಹುಡುಕೋದು ಹೇಗೆ?

ಹಳೇಕಡತ: ಒಂದು ಮ್ಯೂಸಿಯಂನ ಆಫ್ರಿಕಾ ವಸ್ತುಗಳ ಪಟ್ಟಿ ಸರಿ ಮಾಡುತ್ತಿದ್ದೇನೆ. ಒಂದು ಹಿತ್ತಾಳೆ ಗಂಟೆ ಇದೆ. ರಿಜಿಸ್ಟರ್‌ನಲ್ಲಿ ‘ಬೆನಿನ್, 1899, ಕೊಡುಗೆ’ ಅಷ್ಟೇ. ಕೊಟ್ಟವರಿಗೆ ಅದು ಹೇಗೆ ಸಿಕ್ಕಿತು ಅಂತ ಒಂದು ಸಾಲೂ ಇಲ್ಲ. ಒಳಗಡೆ ಬಿಳಿ ಬಣ್ಣದಲ್ಲಿ ಒಂದು ನಂಬರ್ ಇದೆ, ಆದರೆ ಅದು ನಮ್ಮದಲ್ಲ. ಎಲ್ಲಿಂದ ಶುರು ಮಾಡಲಿ?

ಮಣ್ಣುಗೆರೆ: ಮೊದಲು ಯಾವ ಬೆನಿನ್ ಅಂತ ನೋಡಿ. ಈಗಿನ ಬೆನಿನ್ ದೇಶಕ್ಕೆ 1975ರವರೆಗೆ ದಹೋಮಿ ಅಂತ ಹೆಸರಿತ್ತು. ಹಾಗಾಗಿ 1899ರಲ್ಲಿ ಬೆನಿನ್ ಅಂತ ಬರೆದಿದ್ದರೆ ಅದು ಜಾಸ್ತಿ ಪಾಲು ಈಗಿನ ನೈಜೀರಿಯಾದೊಳಗಿನ ಹಳೇ ರಾಜ್ಯವೇ. 1897ರ ಫೆಬ್ರುವರಿಯಲ್ಲಿ ಬ್ರಿಟಿಷ್ ಸೈನ್ಯ ಅಲ್ಲಿನ ಅರಮನೆ ಲೂಟಿ ಮಾಡಿ ಸಾವಿರಾರು ವಸ್ತು ಹೊತ್ತೊಯ್ದಿತು. ಅದಕ್ಕೇ ‘ಕೊಡುಗೆ’ ಅನ್ನೋ ಪದವನ್ನು ಸುಮ್ನೆ ನಂಬಬೇಡಿ. ಮ್ಯೂಸಿಯಂಗೆ ಹೇಗೆ ಬಂತು ಅಂತ ಅದು ಹೇಳುತ್ತದೆ, ಅರಮನೆಯಿಂದ ಹೇಗೆ ಹೋಯಿತು ಅಂತಲ್ಲ, ಅಲ್ವಾ?

ಚುಕ್ಕಿ: ಆ ನಂಬರ್ ಅಳಿಸಿಬಿಟ್ಟೀರಾ, ಜೋಕೆ! ವ್ಯಾಪಾರಿ ಬರೆದದ್ದಿರಬಹುದು. ಆ ಕಾಲದಲ್ಲಿ ವೆಬ್‌ಸ್ಟರ್ ಅಂತ ಒಬ್ಬ ಇಂಗ್ಲಿಷ್ ವ್ಯಾಪಾರಿ ಚಿತ್ರ ಸಮೇತ ಕ್ಯಾಟಲಾಗ್ ಅಚ್ಚು ಹಾಕಿಸಿ ಮಾರುತ್ತಿದ್ದ. ಅದರ ಚಿತ್ರಗಳ ಜೊತೆ ಗಂಟೆಯ ಬಿರುಕು, ಸವೆತ ಹೋಲಿಸಿ ನೋಡಿ. 2022ರಲ್ಲಿ ಶುರುವಾದ ಡಿಜಿಟಲ್ ಬೆನಿನ್ ತಾಣದಲ್ಲಿ 5,000ಕ್ಕೂ ಹೆಚ್ಚು ವಸ್ತುಗಳ ವಿವರ ಇದೆ, ಅಲ್ಲೂ ಹುಡುಕಿ.

ಹಳೇಕಡತ: ಅಯ್ಯೋ, ನಾಳೆ ಸ್ವಚ್ಛಗೊಳಿಸೋಕೆ ಕಳಿಸಬೇಕಿತ್ತು, ಈಗಲೇ ತಡೆಯುತ್ತೇನೆ.

ಮಣ್ಣುಗೆರೆ: ಮೊದಲು ನಂಬರಿನ ಫೋಟೋ ತೆಗೀರಿ, ಓರೆ ಬೆಳಕಲ್ಲಿ.