ಲಾಯರ್ ಮೇಡಂನ ಕೇಳಿ: ಕಂಪನಿ ಹೆಸರಲ್ಲಿ ಬೆಟ್ ಕಟ್ಟಬಹುದಾ?

ಅಡ್ಮಿನ್: ಇವತ್ತು ಬೆಟ್ಟಿಂಗ್, ರೇಸ್ ಕಾನೂನಿನ ಪ್ರಶ್ನೆಗಳಿಗೆ ಮಾತ್ರ ಉತ್ತರ. ಟಿಪ್ಸ್ ಕೇಳಬೇಡಿ.

ಅಂಗಡಿ ಮಾಲೀಕ: ಮೇಡಂ, ನಮ್ಮ ಫರ್ಮ್ ಅಕೌಂಟಿನ ದುಡ್ಡಲ್ಲಿ ರೇಸ್ ಆಡಿ ಸೋತರೆ ಅದನ್ನು ಖರ್ಚಿಗೆ ಹಾಕಬಹುದಾ?

ಲಾಯರ್ ಮೇಡಂ: ಆಗಲ್ಲ. ಗೆದ್ದರೆ 30% ತೆರಿಗೆ, ಮೇಲೆ ಸೆಸ್. ಸೋತಿದ್ದನ್ನು ಅಂಗಡಿ ಲಾಭದಲ್ಲಿ ಕಳೆಯುವ ಹಾಗಿಲ್ಲ.

ಹಾಸನದ ಅಕ್ಕ: ಮೇಡಂ, ನನ್ನ ತಮ್ಮ ಒಂದು ಕಂಪನಿಗೆ 4 ಲಕ್ಷ ಕಟ್ಟಿದ್ದಾನೆ. ಅಮ್ಮನ ಬಳೆ ಅಡವಿಟ್ಟ ದುಡ್ಡೂ ಅದರಲ್ಲಿದೆ. ಅಮೆರಿಕದ ನೆವಾಡದಲ್ಲಿ ಕಂಪನಿಗಳು ಬೆಟ್ ಕಟ್ಟೋದಕ್ಕೆ ಕಾನೂನೇ ಇದೆ, ನಿಮ್ಮನ್ನು ಪಾಲುದಾರ ಮಾಡ್ತೀವಿ, ತಿಂಗಳಿಗೆ 8% ಅಂದರಂತೆ. ಎರಡು ತಿಂಗಳು ಬಂತು. ಹೋದ ಶುಕ್ರವಾರ ಇನ್ನೂ 1 ಲಕ್ಷ ಹಾಕಿಸಿಕೊಂಡರು. ಈಗ ಫೋನ್ ಎತ್ತುತ್ತಿಲ್ಲ.

ಲಾಯರ್ ಮೇಡಂ: ಅಕ್ಕ, ದುಡ್ಡು ಹೋಗಿದ್ದು ಯಾರ ಖಾತೆಗೆ? ಪತ್ರ ಏನಾದರೂ ಕೊಟ್ಟಿದ್ದಾರಾ?

ಹಾಸನದ ಅಕ್ಕ: ಯುಪಿಐನಲ್ಲಿ, ಯಾರೋ ಒಬ್ಬರ ಹೆಸರಿನ ಸೇವಿಂಗ್ಸ್ ಖಾತೆಗೆ. 100 ರೂಪಾಯಿ ಛಾಪಾ ಕಾಗದ ಇದೆ. ಅದರ ಮೂಲೆಯಲ್ಲಿ ಅಮೆರಿಕದ ಬಾವುಟ.

ಲಾಯರ್ ಮೇಡಂ: ಬಾವುಟ ನೋಡಿ ಮೋಸ ಹೋದವರು ಇವನೊಬ್ಬನೇ ಅಲ್ಲ, ಅವನನ್ನು ಬೈಯಬೇಡಿ. ನೆವಾಡದ ಮಾತು ಅರ್ಧ ನಿಜ. ಕಂಪನಿಗಳು ಕ್ರೀಡೆ ಮತ್ತು ಕುದುರೆ ರೇಸಿನ ಮೇಲೆ ಬೆಟ್ ಕಟ್ಟಲು ಅಲ್ಲಿ 2015ರಲ್ಲಿ ಕಾನೂನು ಮಾಡಿದರು. ಆದರೆ ಕಂಪನಿ ಅಲ್ಲಿಯದೇ ಆಗಿರಬೇಕಿತ್ತು. ಮಾಲೀಕರು ಯಾರು ಅಂತ ಬೆಟ್ ತಗೊಳ್ಳುವವರಿಗೆ ಮೊದಲೇ ತಿಳಿಸಬೇಕಿತ್ತು. ಹಾಸನದಲ್ಲಿ ಕೂತು ಯಾರದೋ ಸೇವಿಂಗ್ಸ್ ಖಾತೆಗೆ ದುಡ್ಡು ಹಾಕಿಸಿಕೊಳ್ಳಲು ಆ ಕಾನೂನು ಹೇಳಿಲ್ಲ. ಇನ್ನೊಂದು: ಲಾಟರಿ ಟಿಕೆಟ್, ಫುಟ್ಬಾಲ್ ಪೂಲ್, ಸ್ವೀಪ್‌ಸ್ಟೇಕ್ಸ್‌ಗೆ ನಮ್ಮ ದೇಶದಿಂದ ಹೊರಗೆ ಹಣ ಕಳಿಸುವುದನ್ನು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ನಿಯಮ ನಿಷೇಧಿಸಿದೆ. ನನ್ನನ್ನು ಕೇಳಿದರೆ ದುಡ್ಡು ಅಮೆರಿಕ ನೋಡಿಯೇ ಇಲ್ಲ. ಮೊದಲ ಎರಡು ತಿಂಗಳು ಬಂದಿದ್ದು ನಿಮ್ಮದೇ ದುಡ್ಡು, ಇಲ್ಲಾ ನಿಮ್ಮ ಹಾಗೆ ಕಟ್ಟಿದ ಇನ್ನೊಬ್ಬರದು.

ಈಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಶುಕ್ರವಾರದ ಲಕ್ಷ ಯಾವುದಾದರೂ ಖಾತೆಯಲ್ಲಿ ಉಳಿದಿದ್ದರೆ ತಡೆಹಿಡಿಯಬಹುದು. ಆಮೇಲೆ ಠಾಣೆಗೆ. ವಂಚನೆಗೆ ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 318(4). ಹೀಗೇ ಹತ್ತಾರು ಜನರಿಂದ ದುಡ್ಡು ಎತ್ತಿದ್ದರೆ 2019ರ ಅನಿಯಂತ್ರಿತ ಠೇವಣಿ ನಿಷೇಧ ಕಾಯ್ದೆಯನ್ನೂ ದೂರಿನಲ್ಲಿ ಬರೆಸಿ. ಚಾಟ್ ಅಳಿಸಬೇಡಿ.

ಬಾಜಿ ಭಾವ: ಹೆದರಿಸಬೇಡಿ ಮೇಡಂ. ಫಾರ್ವರ್ಡ್ ಬಂದಿದೆ ನೋಡಿ: "ಪಾಲುದಾರಿಕೆಯಲ್ಲಿ ಬೆಟ್ ಕಟ್ಟುವುದು ಕಾನೂನುಬದ್ಧ, ಸುಪ್ರೀಂ ಕೋರ್ಟ್ 1959. ಪೊಲೀಸ್ ಹಿಡಿದರೆ ಈ ಮೆಸೇಜ್ ತೋರಿಸಿ."

ಲಾಯರ್ ಮೇಡಂ: ತೋರಿಸಿ, ಅವರೂ ನಗಲಿ. ಅದು ಘೆರುಲಾಲ್ ಪಾರಖ್ ಕೇಸು. ಇಬ್ಬರು ಪಾಲುದಾರರು ದರದ ಏರಿಳಿತದ ಮೇಲೆ ಬಾಜಿ ಕಟ್ಟಿ ಸೋತು, ನಷ್ಟ ಯಾರು ಹೊರಬೇಕು ಅಂತ ಜಗಳ ಆಡಿದ್ದರು. ಬಾಜಿಯ ಕರಾರು ಕೋರ್ಟಿನಲ್ಲಿ ಊರ್ಜಿತವಲ್ಲ, ಆದರೆ ಬಾಜಿಗಾಗಿ ಮಾಡಿಕೊಂಡ ಪಾಲುದಾರಿಕೆ ಅಷ್ಟಕ್ಕೇ ಕಾನೂನುಬಾಹಿರವೂ ಆಗಲ್ಲ ಅಂದರು. ಓದಲು ಮಜವಾಗಿರುವ ತೀರ್ಪು. ಇವತ್ತಿನ ಕ್ರಿಕೆಟ್ ಆ್ಯಪ್‌ಗೆ ಅದು ಪರ್ಮಿಟ್ ಅಲ್ಲ.

ಹಳೇ ಪಂಟರ್: ಕುದುರೆ ಬೇರೆ ಸ್ವಾಮಿ. ಬುಕ್ ಓದಬೇಕು, ಜಾಕಿ ಯಾರು, ತೂಕ ಎಷ್ಟು, ಎಲ್ಲ ಲೆಕ್ಕ. ಇದು ಕೌಶಲ ಅಂತ 1996ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಕ್ರಿಕೆಟ್ ಹುಚ್ಚ: ಹಾಗಾದ್ರೆ ಪಿಚ್ ಓದೋದು ಕೌಶಲ ಅಲ್ವಾ?

ಹಳೇ ಪಂಟರ್: ಟಿವಿ ಮುಂದೆ ಕೂತು ಚಿಪ್ಸ್ ತಿನ್ನೋದು ಕೌಶಲ ಅಲ್ಲ.

ಕ್ರಿಕೆಟ್ ಹುಚ್ಚ: ನಿಮ್ಮ ಕೌಶಲದಲ್ಲಿ ಎಷ್ಟು ಸೈಟು ಹೋಯ್ತು ಅಂತ ಮನೆಯವರನ್ನು ಕೇಳಬೇಕು.

ಹಳೇ ಪಂಟರ್: ಮನೆ ಸುದ್ದಿಗೆ ಬಂದ್ರೆ ಚೆನ್ನಾಗಿರಲ್ಲ.

ಲಾಯರ್ ಮೇಡಂ: ಇಬ್ಬರಿಗೂ ಒಂದೇ ಮಾತು. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟದಲ್ಲಿ ಕೌಶಲ, ಅದೃಷ್ಟ ಅಂತ ಭೇದ ಮಾಡಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿಯವರೆಗೆ ದಂಡ.

ಟೆಕ್ಕಿ ಮೈಸೂರು: ಆಡುವವರಿಗೆ ಶಿಕ್ಷೆ ಇದೆಯಾ? ರೇಸ್‌ಕೋರ್ಸಿನ ಟೋಟ್‌ಗೆ (ಅಲ್ಲಿನ ಬೆಟ್ಟಿಂಗ್ ವ್ಯವಸ್ಥೆಗೆ) ಜಿಎಸ್‌ಟಿ ಎಷ್ಟು?

ಬಾಜಿ ಭಾವ: ಇನ್ನೊಂದು ಫಾರ್ವರ್ಡ್ ಇದೆ, ವಿಪಿಎನ್ ಹಾಕಿಕೊಂಡರೆ...

ಲಾಯರ್ ಮೇಡಂ: ಬೇಡ.

ಅಂಗಡಿ ಮಾಲೀಕ: ನನ್ನ ಹೆಸರಲ್ಲಿ ಆಡಿ ಫರ್ಮ್‌ಗೆ ಬರೆದರೆ?

ಲಾಯರ್ ಮೇಡಂ: ಮೇಲೆ ಓದಿ.

ಕ್ರಿಕೆಟ್ ಹುಚ್ಚ: ಪಂಟರ್ ಅಣ್ಣ ಗ್ರೂಪ್ ಬಿಟ್ಟರಾ?

ಅಡ್ಮಿನ್: ಬಿಟ್ಟಿಲ್ಲ, ನಾನೇ ಮ್ಯೂಟ್ ಮಾಡಿದ್ದೇನೆ. ನಿಮ್ಮದೂ ಮಾಡಲಾ?

ಹಾಸನದ ಅಕ್ಕ: 1930 ಸಿಕ್ಕಿತು ಮೇಡಂ. ವ್ಯವಹಾರದ ನಂಬರ್ ಕೇಳುತ್ತಿದ್ದಾರೆ. ನನ್ನ ತಮ್ಮ ಅವನ ಫೋನ್ ಕೊಡುತ್ತಿಲ್ಲ, ನಾಳೆ ದುಡ್ಡು ಬರುತ್ತೆ ಅಂತಾನೆ.

ಲಾಯರ್ ಮೇಡಂ: ಅವನ ಬ್ಯಾಂಕ್ ಎಸ್‌ಎಂಎಸ್‌ನಲ್ಲಿ 12 ಅಂಕಿಯ ಯುಪಿಐ ನಂಬರ್ ಇರುತ್ತೆ. ಅವನನ್ನು ಲೈನಿಗೆ ಕೊಡಿ, ನಾನೇ ಮಾತಾಡ್ತೀನಿ.