ಮಯೋಸಿನ್ ನಡೆಯುವ ವಿಡಿಯೋ ನಿಜಾನಾ, ಅನಿಮೇಷನ್ನಾ?

ಪ್ರಶ್ನೆ:
ನಾನು ಪಿಯುಸಿ ಮಕ್ಕಳಿಗೆ ಬಯಾಲಜಿ ಪಾಠ ಮಾಡುತ್ತೇನೆ. ಮೊನ್ನೆ ಕ್ಲಾಸಲ್ಲಿ ಜೀವಕೋಶದೊಳಗೆ ಸರಕು ಸಾಗಿಸುವ ಮಯೋಸಿನ್-5 ಪ್ರೋಟೀನ್, ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಯ ಮೇಲೆ ಹೆಜ್ಜೆ ಹಾಕುವ ವಿಡಿಯೋ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿ, "ಮೇಡಂ, ಇದು ಕಂಪ್ಯೂಟರಲ್ಲಿ ಮಾಡಿದ್ದಲ್ವಾ?" ಎಂದಳು. ಇಷ್ಟು ಚಿಕ್ಕದು ಮಾಮೂಲಿ ಮೈಕ್ರೋಸ್ಕೋಪಿಗೆ ಕಾಣಲ್ಲ ಅಂತ ಹಿಂದಿನ ವಾರ ನಾನೇ ಹೇಳಿದ್ದೆ. ಉತ್ತರ ಹೊಳೆಯಲಿಲ್ಲ. ಇದನ್ನು ನೋಡಿದ್ದಾದರೂ ಹೇಗೆ?

ಉತ್ತರ 1:
ನಿಜವೇ ಮೇಡಂ. ಜಪಾನಿನ ಕನಝಾವಾ ವಿಶ್ವವಿದ್ಯಾಲಯದ ತೊಶಿಯೊ ಆಂಡೊ ಅವರ ತಂಡ 2010ರಲ್ಲಿ ಪ್ರಕಟಿಸಿದ್ದು. ಕರೆಂಟ್ ಹೋದಾಗ ಗೋಡೆ ತಡವಿ ಸ್ವಿಚ್ ಹುಡುಕುತ್ತೇವಲ್ಲ, ಕೆಲಸ ಹಾಗೆಯೇ. ಪುಟ್ಟ ಪಟ್ಟಿಯ ತುದಿಯಲ್ಲಿ ಸೂಜಿ. ಅದು ಉಬ್ಬುತಗ್ಗು ತಡವುತ್ತಾ ಹೋಗುತ್ತದೆ, ಪಟ್ಟಿಯ ಅಲುಗಾಟವನ್ನು ಲೇಸರ್ ಅಳೆಯುತ್ತದೆ. ಇದೇ ಎಎಫ್‌ಎಂ, ಅಂದರೆ ಅಟಾಮಿಕ್ ಫೋರ್ಸ್ ಮೈಕ್ರೋಸ್ಕೋಪ್, 1986ರಿಂದ ಇದೆ.

ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ನಾನು ಬಳಸಿದ ಎಎಫ್‌ಎಂ ಒಂದು ಚಿತ್ರಕ್ಕೆ ನಾಲ್ಕೈದು ನಿಮಿಷ ತಗೊಳ್ಳುತ್ತಿತ್ತು. ಅಷ್ಟರಲ್ಲಿ ಮಯೋಸಿನ್ ಎಲ್ಲಿಗೋ ಹೋಗಿರುತ್ತದೆ! ಆಂಡೊ ತಂಡ ಪಟ್ಟಿಯನ್ನೇ ಕುಗ್ಗಿಸಿತು. ಉದ್ದ ಸುಮಾರು 7 ಮೈಕ್ರೋಮೀಟರ್, ಒಂದು ಕೆಂಪು ರಕ್ತಕಣದಷ್ಟು. ಅಷ್ಟು ಪುಟ್ಟದಾದ್ದರಿಂದ ನೀರಿನೊಳಗೂ ಸೆಕೆಂಡಿಗೆ ಸುಮಾರು 10 ಲಕ್ಷ ಸಲ ಕಂಪಿಸಬಲ್ಲದು. ಅದಕ್ಕೇ ಸೆಕೆಂಡಿಗೆ ಏಳು ಚಿತ್ರದಂತೆ ಹೆಜ್ಜೆಗಳು ಸಿಕ್ಕಿದವು. ಒಂದೊಂದು ಹೆಜ್ಜೆ 36 ನ್ಯಾನೋಮೀಟರ್. ವಿಡಿಯೋ ನಿಧಾನ ಮಾಡಿ ನೋಡಿ. ಕೆಲವು ಸಲ ಕಾಲು ಎತ್ತಿ, ಮುಂದೆ ಹೋಗದೆ ಅದೇ ಜಾಗದಲ್ಲಿ ಮತ್ತೆ ಊರುತ್ತದೆ. ನನಗೆ ತುಂಬಾ ಇಷ್ಟವಾದ ಭಾಗ ಅದು.

ಉತ್ತರ 2:
ಸೂಜಿ ತಾಗಿದರೆ ಪ್ರೋಟೀನ್ ಕದಲಲ್ವಾ ಸರ್? ಸೂಜಿಯೇ ತಳ್ಳುತ್ತಿದ್ದರೆ ಅದನ್ನು ನಡಿಗೆ ಅನ್ನೋದು ಹೇಗೆ?

ಉತ್ತರ 1:
ನ್ಯಾಯವಾದ ಅನುಮಾನ. ಸೂಜಿ ಗೀಚಿಕೊಂಡು ಹೋಗಲ್ಲ, ತಟ್ಟಿ ತಟ್ಟಿ ಏಳುತ್ತದೆ. ಮುಂದೆ ಉಬ್ಬು ಸಿಕ್ಕಿದ ಕೂಡಲೇ ಪ್ರೋಟೀನ್ ಕೂತಿರುವ ಕೆಳಗಿನ ತಟ್ಟೆ ತಗ್ಗುತ್ತದೆ, ಹಾಗಾಗಿ ಒತ್ತಡ ಹೆಚ್ಚು ಬೀಳಲ್ಲ. ಹೊಳೆಯುವ ಬಣ್ಣ ಅಂಟಿಸಿ ಬೆಳಕಿನಲ್ಲಿ ಅಳೆದ ವೇಗಕ್ಕೂ ಇಲ್ಲಿನ ವೇಗಕ್ಕೂ ಹೋಲಿಸಿ ನೋಡಿದ್ದಾರೆ, ತಾಳೆಯಾಗಿದೆ. ಸೂಜಿ ತಳ್ಳುತ್ತಿದ್ದರೆ ಹೀಗಾಗುತ್ತಿರಲಿಲ್ಲ.

ಮೇಡಂ, ಕ್ಲಾಸಿಗೆ ಹಳೇ ಇಸ್ತ್ರಿಪೆಟ್ಟಿಗೆಯೊಳಗಿನ ಕಾಗೆಬಂಗಾರದ (ಮೈಕಾ) ಹಾಳೆ ತಗೊಂಡು ಹೋಗಿ. ಇಂಥ ಪ್ರಯೋಗಕ್ಕೆ ಅದೇ ನೆಲ. ಟೇಪ್ ಅಂಟಿಸಿ ಎಳೆದರೆ ಈರುಳ್ಳಿ ಪೊರೆಯ ಹಾಗೆ ಪದರ ಬರುತ್ತದೆ, ಕೆಳಗೆ ಮಟ್ಟಸವಾದ ಹೊಸ ಮೈ. ಲ್ಯಾಬಿನಲ್ಲೂ ಹೀಗೆಯೇ ಮಾಡುತ್ತಿದ್ದೆವು. ಆ ವಿಡಿಯೋದಲ್ಲಿ ಅದರ ಮೇಲೆ ಕೊಬ್ಬಿನ ತೆಳು ಪದರ ಹಾಸಿ, ಆಕ್ಟಿನ್ ಎಳೆ ಕೂರಿಸಿದ್ದಾರೆ.

ಪ್ರಶ್ನೆ ಕೇಳಿದವರು:
ಇವತ್ತು ಆ ಹುಡುಗಿಯ ಕೈಯಲ್ಲೇ ಟೇಪ್ ಎಳೆಸಿದೆ. ಮೂರು ಪದರ ಬಿಚ್ಚಿ, ಬೆಳಕಿಗೆ ಹಿಡಿದು, "ಇದರಲ್ಲಿ ಇನ್ನೂ ಎಷ್ಟಿದೆ ಮೇಡಂ?" ಎಂದಳು.